ಬೋಡನ್‌ಸೇ ಸುತ್ತ ಆರು ದಿನ: ನಂಬರ್ ಪ್ಲೇಟ್ ಹುಡುಕುತ್ತಾ

ಮೊದಲ ದಿನ, ಶನಿವಾರ: ಕಾನ್‌ಸ್ಟಂಜ್

ನಂಬರ್ ಪ್ಲೇಟ್ ಓದುವ ಹುಚ್ಚು ನನಗೆ ಚಿಕ್ಕಂದಿನಿಂದಲೂ ಇದೆ. ಬೇರೆ ಕಡೆಯ ಗಾಡಿ ಕಂಡರೆ ಸಾಕು, ಎಲ್ಲಿಂದ ಬಂತು, ಯಾಕೆ ಬಂತು ಅಂತ ಮನಸ್ಸು ಅದರ ಹಿಂದೆಯೇ ಓಡುತ್ತದೆ. ಅಕ್ಕನ ಮಗಳು ಜರ್ಮನಿಯಲ್ಲಿ ಓದುತ್ತಿದ್ದಾಳೆ. "ಮಾಮ, ನಿನಗೆ ಅಂತಲೇ ಮಾಡಿದ ಜಾಗ ಒಂದಿದೆ, ಬೇಸಿಗೆಯಲ್ಲಿ ಬಾ" ಅಂದಳು. ಆ ಜಾಗವೇ ಬೋಡನ್‌ಸೇ. ಜರ್ಮನಿ, ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ ಮೂರೂ ದೇಶಗಳ ದಡ ಇರುವ 536 ಚದರ ಕಿಲೋಮೀಟರ್‌ನ ಸರೋವರ. ಸ್ವಲ್ಪ ದಕ್ಷಿಣಕ್ಕೆ ಹೋದರೆ ಲಿಕ್ಟೆನ್‌ಸ್ಟೈನ್ ಸಿಗುತ್ತದೆ. ನಾಲ್ಕು ದೇಶದ ಗಾಡಿಗಳು ದಿನಾ ಓಡಾಡುವ ಊರುಗಳು ಇವು. ಓಡಿಸುವುದು ಅವಳು, ನೋಡಿ ಬರೆದುಕೊಳ್ಳುವುದು ನಾನು ಅಂತ ಮೊದಲೇ ಮಾತಾಯಿತು.

ನೋಟ್‌ಬುಕ್‌ನಲ್ಲಿ ಮೂರು ಕಾಲಂ ಹಾಕಿದ್ದೆ. ದೇಶ, ಊರು, ವಿಶೇಷ. ಪೂರ್ತಿ ನಂಬರನ್ನು ನಾನು ಯಾವತ್ತೂ ಬರೆದುಕೊಳ್ಳುವುದಿಲ್ಲ. ಅದು ಆ ಗಾಡಿಯವರದು. ಅವರು ಯಾವ ಊರಿಂದ ಬಂದರು ಅನ್ನುವುದಷ್ಟೇ ನನಗೆ ಬೇಕು.

ಕಾನ್‌ಸ್ಟಂಜ್ ಜರ್ಮನಿಯ ಊರು. ಆದರೆ ಅದರ ಹಳೇ ಪೇಟೆ ಸ್ವಿಟ್ಜರ್ಲೆಂಡಿನ ಕ್ರಾಯ್ಟ್ಸ್‌ಲಿಂಗನ್‌ಗೆ ಅಂಟಿಕೊಂಡೇ ಇದೆ. ಒಂದು ಬೀದಿಯಲ್ಲಿ ನಡೆಯುತ್ತಾ ಹೋದರೆ ಇನ್ನೊಂದು ದೇಶ. ಸರೋವರದ ದಡದಲ್ಲಿ ಎರಡು ಊರುಗಳ ನಡುವೆ ಇದ್ದ ಬೇಲಿಯನ್ನು 2006ರಲ್ಲಿ ಕಿತ್ತು ಹಾಕಿದರು. ಈಗ ಅಲ್ಲಿ ಸಾಲಾಗಿ 22 ಶಿಲ್ಪಗಳು ನಿಂತಿವೆ. ಮಕ್ಕಳು ಅವುಗಳ ಮಧ್ಯೆ ಆಡುತ್ತಿದ್ದರು. ಒಂದು ಹೆಜ್ಜೆ ಜರ್ಮನಿ, ಒಂದು ಹೆಜ್ಜೆ ಸ್ವಿಟ್ಜರ್ಲೆಂಡ್.

ಶನಿವಾರವಾದ್ದರಿಂದ ಸ್ವಿಸ್ ಜನ ಸಾಮಾನು ಕೊಳ್ಳೋಕೆ ಗಡಿ ದಾಟಿ ಬಂದಿದ್ದರು. ಪಾರ್ಕಿಂಗ್ ಕಟ್ಟಡದ ಒಂದು ಸಾಲಿನಲ್ಲಿ ಎಣಿಸಿದೆ. ಜರ್ಮನ್ ಪ್ಲೇಟ್‌ಗಿಂತ ಸ್ವಿಸ್ ಪ್ಲೇಟೇ ಜಾಸ್ತಿ. ಎರಡನ್ನೂ ದೂರದಿಂದಲೇ ಗುರುತಿಸಬಹುದು. ಜರ್ಮನ್ ಪ್ಲೇಟ್‌ನ ಎಡಗಡೆ ನೀಲಿ ಪಟ್ಟಿ, ಅದರಲ್ಲಿ ಹನ್ನೆರಡು ನಕ್ಷತ್ರ, ಕೆಳಗೆ 'ಡಿ' ಅಕ್ಷರ. ಈ ಪಟ್ಟಿ ಇದ್ದರೆ ಯುರೋಪಿಯನ್ ಒಕ್ಕೂಟದ ಬೇರೆ ದೇಶಗಳಿಗೆ ಹೋಗುವಾಗ ಬೇರೆ ಸ್ಟಿಕ್ಕರ್ ಬೇಡ ಅಂತ 1998ರಲ್ಲಿ ನಿಯಮವಾಯಿತು. ಸ್ವಿಟ್ಜರ್ಲೆಂಡ್ ಒಕ್ಕೂಟದಲ್ಲಿ ಇಲ್ಲ, ಪಟ್ಟಿಯೂ ಇಲ್ಲ. ಹಾಗಾಗಿ ಗಾಡಿ ಹಿಂದೆ ಬಿಳಿ ಮೊಟ್ಟೆಯಾಕಾರದ ಸ್ಟಿಕ್ಕರ್ ಅಂಟಿಸುತ್ತಾರೆ, ಅದರಲ್ಲಿ ಕಪ್ಪು ಅಕ್ಷರದಲ್ಲಿ 'ಸಿಎಚ್'. ಲ್ಯಾಟಿನ್‌ನಲ್ಲಿ ಕಾನ್‌ಫೆಡರೇಷಿಯೋ ಹೆಲ್ವೆಟಿಕಾ. ಆ ದೇಶಕ್ಕೆ ಜರ್ಮನ್, ಫ್ರೆಂಚ್, ಇಟಾಲಿಯನ್, ರೊಮಾನ್ಶ್ ಅಂತ ನಾಲ್ಕು ಭಾಷೆ. ಲ್ಯಾಟಿನ್ ಹೆಸರು ಇಟ್ಟರೆ ನಾಲ್ವರಲ್ಲಿ ಯಾರಿಗೂ ಬೇಜಾರಿಲ್ಲ. ಎರಡೇ ಅಕ್ಷರದಲ್ಲಿ ಎಷ್ಟು ಹದವಾಗಿ ಯೋಚನೆ ಮಾಡಿದ್ದಾರೆ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಸಂಜೆ ಒಂದು ಪ್ಲೇಟ್ ನೋಡಿ ನಿಂತುಬಿಟ್ಟೆ. 'ಕೆಎ'. ಕನ್ನಡದವರ ಕಣ್ಣು ಅಲ್ಲಿ ನಿಲ್ಲದೆ ಇರುತ್ತದಾ? ಇಲ್ಲಿ ಕೆಎ ಅಂದರೆ ಕಾರ್ಲ್ಸ್‌ರೂಹ, ಇದೇ ರಾಜ್ಯದ ಒಂದು ಊರು. ಉಕ್ರೇನ್‌ನ ಕೀವ್ ನಗರದ ಗಾಡಿಗಳ ಮೇಲೂ ಕೆಎ ಇರುತ್ತದೆ ಅಂತ ಓದಿದ್ದೆ. ಎರಡೂ ಒಂದೇ ಪ್ರವಾಸದಲ್ಲಿ ಸಿಗಲಿ ಅಂತ ಆಸೆಪಟ್ಟೆ.

ಎರಡನೇ ದಿನ, ಭಾನುವಾರ: ಬ್ಯೂಸಿಂಗನ್

ಈ ಪ್ರವಾಸಕ್ಕೆ ನಾನು ಹೊರಟಿದ್ದೇ ಈ ದಿನಕ್ಕೋಸ್ಕರ.

ಕಾನ್‌ಸ್ಟಂಜ್‌ನಿಂದ ಪಶ್ಚಿಮಕ್ಕೆ, ರೈನ್ ನದಿಯ ಜೊತೆಜೊತೆಗೆ ರಸ್ತೆ. ಗೈಲಿಂಗನ್ ಅನ್ನುವ ಜರ್ಮನ್ ಹಳ್ಳಿ ದಾಟಿದ ಮೇಲೆ ಒಂದು ತುಂಡು ಸ್ವಿಸ್ ನೆಲ ಬರುತ್ತದೆ. ಅದು ಮುಗಿದರೆ ಮತ್ತೆ ಜರ್ಮನಿ. ಅದೇ ಬ್ಯೂಸಿಂಗನ್. ಸುತ್ತ ನಾಲ್ಕೂ ಕಡೆ ಸ್ವಿಟ್ಜರ್ಲೆಂಡ್, ಮಧ್ಯೆ ದ್ವೀಪದ ಹಾಗೆ ಕೂತ ಜರ್ಮನ್ ಊರು. ತಾಯಿನಾಡಿಗೂ ಊರಿಗೂ ನಡುವೆ ಇರುವ ಅಂತರ, ಕಿರಿದಾದ ಕಡೆ, ಸುಮಾರು 700 ಮೀಟರ್. ಎಂಟು ಚದರ ಕಿಲೋಮೀಟರ್ ಕೂಡ ಇಲ್ಲದ ಈ ಊರಿಗೆ ಅದರದ್ದೇ ಆದ ನಂಬರ್ ಪ್ಲೇಟ್ ಇದೆ. 'ಬಿ', ತಲೆ ಮೇಲೆ ಎರಡು ಚುಕ್ಕಿ ಇರುವ 'ಯು', ಆಮೇಲೆ 'ಎಸ್'. ಜರ್ಮನಿಯ ಅತಿ ಅಪರೂಪದ ಪ್ಲೇಟ್‌ಗಳಲ್ಲಿ ಇದೂ ಒಂದು.

ಪುಟ್ಟ ಊರಿಗೆ ಪ್ರತ್ಯೇಕ ಪ್ಲೇಟ್ ಯಾಕೆ? ಕಾರಣ ಗಡಿಯದ್ದೇ. ಜರ್ಮನಿ ಮತ್ತು ಸ್ವಿಟ್ಜರ್ಲೆಂಡ್ 1964ರಲ್ಲಿ ಒಂದು ಒಪ್ಪಂದ ಮಾಡಿಕೊಂಡವು, 1967ರಲ್ಲಿ ಅದು ಜಾರಿಗೆ ಬಂತು. ಅದರ ಪ್ರಕಾರ ಬ್ಯೂಸಿಂಗನ್ ಜರ್ಮನಿಯ ಊರೇ, ಆದರೆ ಸುಂಕದ ಲೆಕ್ಕದಲ್ಲಿ ಸ್ವಿಟ್ಜರ್ಲೆಂಡ್‌ಗೆ ಸೇರಿದ್ದು. ಹಾಗಾಗಿ ಇಲ್ಲಿನ ಕಾರನ್ನು ಸುಂಕದವರು ಸ್ವಿಸ್ ಕಾರಿನ ಹಾಗೆ ನೋಡಬೇಕು. ಎಲ್ಲ ಜರ್ಮನ್ ಕಾರುಗಳ ಮಧ್ಯೆ ಅದನ್ನು ಗುರುತಿಸುವುದು ಹೇಗೆ? ಅದಕ್ಕೇ ಬೇರೆ ಅಕ್ಷರ. ಮೊದಲ ಮಹಾಯುದ್ಧ ಮುಗಿದ ಮೇಲೆ ಊರಿನವರು ಮತ ಹಾಕಿ, ನಾವು ಸ್ವಿಟ್ಜರ್ಲೆಂಡ್‌ಗೆ ಸೇರುತ್ತೇವೆ ಅಂತ ಭಾರಿ ಬಹುಮತದಿಂದ ಹೇಳಿದ್ದರು. ಆದರೆ ಬದಲಿಗೆ ಕೊಡೋಕೆ ಸ್ವಿಟ್ಜರ್ಲೆಂಡ್‌ನ ಹತ್ತಿರ ಒಪ್ಪುವಂಥ ಜಾಗ ಇರಲಿಲ್ಲ. ಊರು ಅಲ್ಲೇ ಉಳಿಯಿತು. ಎರಡು ಪಿನ್‌ಕೋಡ್ ಇದೆ, ಒಂದು ಜರ್ಮನಿಯದ್ದು, ಒಂದು ಸ್ವಿಟ್ಜರ್ಲೆಂಡ್‌ನದ್ದು. ಊರಿನ ಫುಟ್‌ಬಾಲ್ ತಂಡ ಆಡುವುದು ಸ್ವಿಸ್ ಲೀಗ್‌ನಲ್ಲಿ.

ಮೊದಲ ಪ್ಲೇಟ್ ಕಂಡಿದ್ದು ಒಂದು ಮನೆ ಮುಂದೆ. ಹಳೆಯ ನೀಲಿ ಸ್ಟೇಷನ್ ವ್ಯಾಗನ್. "ಮಾಮ, ನಿಂದು!" ಅಂತ ಅವಳು ಬ್ರೇಕ್ ಹಾಕಿದಳು. ನಾನು ಇಳಿದು ರಸ್ತೆಯ ಈಚೆ ಬದಿಯಲ್ಲೇ ಮಂಡಿಯೂರಿ ಕೂತು ನೋಡಿದೆ. ಯು ಮೇಲಿನ ಎರಡು ಚುಕ್ಕಿ ಪ್ಲೇಟ್‌ನ ಮೇಲಂಚಿಗೆ ತಾಗುವಷ್ಟು ಹತ್ತಿರ. ಅಕ್ಷರಗಳಾದ ಮೇಲೆ ಒಂದರ ಕೆಳಗೊಂದು ಎರಡು ಗುಂಡು ಸ್ಟಿಕ್ಕರ್. ಮೇಲಿನದು ತಪಾಸಣೆಯದ್ದು, ಕೆಳಗಿನದು ಬಾಡನ್-ವ್ಯುರ್ಟೆಂಬರ್ಗ್ ರಾಜ್ಯದ ಮುದ್ರೆ. ಆಮೇಲೆ ಒಂದು 'ಎ', ಅದರ ಪಕ್ಕ ಅಂಕಿ. ತಗಡಿನಿಂದ ಉಬ್ಬಿ ನಿಂತ ಅಕ್ಷರಗಳ ಮೂಲೆಯಲ್ಲಿ ಕಪ್ಪು ಬಣ್ಣ ಸ್ವಲ್ಪ ಸವೆದು ಬಿಳಿ ಕಾಣುತ್ತಿತ್ತು. ತೊಳೆದು ತೊಳೆದು ಸವೆದದ್ದು ಇರಬೇಕು.

ಆ ಅಕ್ಷರಗಳ ಆಕಾರವೂ ನೋಡುವಂಥದ್ದು. ಜರ್ಮನಿ 1995ರಲ್ಲಿ ತಂದ ಅಚ್ಚು ಅದು, ವಿನ್ಯಾಸ ಕಾರ್ಲ್‌ಗೇಯೋರ್ಗ್ ಹೋಫರ್ ಅವರದ್ದು. ಚಂದ ಕಾಣಲಿ ಅಂತ ಮಾಡಿದ್ದಲ್ಲ, ಮೋಸ ತಡೆಯೋಕೆ ಮಾಡಿದ್ದು. ಮಾಮೂಲಿ ಅಕ್ಷರವಾದರೆ 'ಪಿ'ಗೆ ಒಂದು ಗೀಟು ಎಳೆದು 'ಆರ್' ಮಾಡಬಹುದು, 'ಎಫ್'ಗೆ ಅಡ್ಡಗೆರೆ ಹಾಕಿ 'ಇ' ಮಾಡಬಹುದು. ಇದರಲ್ಲಿ ಪ್ರತಿ ಅಕ್ಷರದ ಅಳತೆಯೂ ಬೇರೆ ಬೇರೆ. ಗೀಟು ಎಳೆದರೆ ತಕ್ಷಣ ಗೊತ್ತಾಗುತ್ತದೆ. ಆಮೇಲೆ ಎಷ್ಟೋ ದೇಶಗಳು ಇದೇ ಅಚ್ಚನ್ನು ತೆಗೆದುಕೊಂಡವು.

ಮನೆಯಿಂದ ಒಬ್ಬ ಅಜ್ಜಿ ಹೊರಗೆ ಬಂದರು. ನಾನು ಗಾಬರಿಯಿಂದ ಎದ್ದು ನಿಂತೆ. ಅಕ್ಕನ ಮಗಳು ಜರ್ಮನ್‌ನಲ್ಲಿ ವಿಷಯ ಹೇಳಿದಳು. ಅಜ್ಜಿ ನಕ್ಕು, ಪ್ಲೇಟ್ ಮುಟ್ಟಿ ನೋಡಿ ಅಂದರು. ಉತ್ತರ ಜರ್ಮನಿಗೆ ಮಗಳ ಮನೆಗೆ ಹೋದಾಗಲೆಲ್ಲಾ ಇದು ಯಾವ ಊರು ಅಂತ ಜನ ಕೇಳುತ್ತಾರಂತೆ. ಪ್ರತಿ ಸಲವೂ ನಕ್ಷೆ ಬಿಡಿಸಿ ತೋರಿಸಬೇಕಂತೆ. ಅದನ್ನು ಹೇಳುವಾಗ ಅವರ ಮುಖದಲ್ಲಿ ಬೇಸರ ಇರಲಿಲ್ಲ, ಖುಷಿಯೇ ಇತ್ತು.

ಆಮೇಲೆ ಬೆಟ್ಟದ ಮೇಲಿನ ಹಳೇ ಇಗರ್ಜಿಗೆ ಹತ್ತಿ ಒಂದು ಗಂಟೆ ರಸ್ತೆ ನೋಡುತ್ತಾ ಕೂತೆವು. ನಿಂತ ಗಾಡಿ ನೋಡುವುದಕ್ಕೂ ಓಡುವ ಗಾಡಿ ನೋಡುವುದಕ್ಕೂ ವ್ಯತ್ಯಾಸ ಇದೆ. ಷಾಫ್‌ಹೌಸನ್ ಕಡೆಯಿಂದ ಸ್ವಿಸ್ ಕಾರುಗಳು, ಮಧ್ಯೆ ಮಧ್ಯೆ ಈ ಊರಿನದ್ದು ಒಂದೊಂದು. ಯಾರೂ ಯಾರನ್ನೂ ತಡೆಯುತ್ತಿರಲಿಲ್ಲ. ಕೆಳಗೆ ರೈನ್ ನದಿ ಸುಮ್ನೆ ಹರಿಯುತ್ತಿತ್ತು.

ಮೂರನೇ ದಿನ, ಸೋಮವಾರ: ಅಪೆನ್‌ಜೆಲ್, ವಾಡುಟ್ಸ್

ಸ್ವಿಸ್ ಪ್ಲೇಟ್ ಓದುವುದು ಸುಲಭ. ಮೊದಲ ಎರಡು ಅಕ್ಷರ ಕ್ಯಾಂಟನ್, ಅಂದರೆ ಅವರ ರಾಜ್ಯ. ಆಮೇಲೆ ಬರೀ ಅಂಕಿ. ಒಟ್ಟು 26 ಕ್ಯಾಂಟನ್. ಮುಂದಿನ ಪ್ಲೇಟ್ ಚಿಕ್ಕದು, ಹಿಂದಿನದು ದೊಡ್ಡದು. ಹಿಂದಿನ ಪ್ಲೇಟ್‌ನಲ್ಲಿ ಒಂದು ತುದಿಗೆ ದೇಶದ ಕೆಂಪು ಗುರಾಣಿ, ಇನ್ನೊಂದು ತುದಿಗೆ ಕ್ಯಾಂಟನ್‌ನ ಗುರಾಣಿ. ಷಾಫ್‌ಹೌಸನ್‌ಗೆ ನೆಗೆಯುವ ಕಪ್ಪು ಟಗರು. ಊರಿಗೆ, ಅಂದರೆ ಊರಿ ಅನ್ನುವ ಕ್ಯಾಂಟನ್‌ಗೆ, ಗೂಳಿಯ ತಲೆ. ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಚಿತ್ರಗಳು.

ಸಾಂಕ್ಟ್ ಗಾಲನ್ ದಾಟಿದ ಮೇಲೆ ಅಪೆನ್‌ಜೆಲ್ ಬೆಟ್ಟಗಳು. ಇಲ್ಲಿ ಎರಡು ಕ್ಯಾಂಟನ್ ಒಂದರ ಪಕ್ಕ ಒಂದು. 'ಎಐ' ಒಳಗಿನ ಅಪೆನ್‌ಜೆಲ್, 'ಎಆರ್' ಹೊರಗಿನ ಅಪೆನ್‌ಜೆಲ್. ಎರಡಕ್ಕೂ ಗುರುತು ಎದ್ದು ನಿಂತ ಕಪ್ಪು ಕರಡಿಯೇ. ಪೆಟ್ರೋಲ್ ಬಂಕ್‌ನಲ್ಲಿ ಎರಡೂ ಕಾರು ಅಕ್ಕಪಕ್ಕ ನಿಂತಿದ್ದವು. ಬಗ್ಗಿ ನೋಡಿದೆ. ಎಆರ್ ಕರಡಿಯ ಎರಡು ಬದಿಗೆ 'ವಿ' ಮತ್ತು 'ಆರ್' ಅಂತ ಪುಟ್ಟ ಅಕ್ಷರ ಇದೆ. ಎಐ ಕರಡಿ ಒಂಟಿ. 1597ರಲ್ಲಿ ಕ್ಯಾಥೊಲಿಕ್, ಪ್ರಾಟೆಸ್ಟೆಂಟ್ ಜಗಳದಲ್ಲಿ ಅಪೆನ್‌ಜೆಲ್ ಎರಡಾಗಿ ಒಡೆಯಿತು. ಮನೆ ಪಾಲಾದಾಗ ಕರಡಿ ಇಬ್ಬರಿಗೂ ಬೇಕಾಯಿತು. ಪ್ರಾಟೆಸ್ಟೆಂಟ್ ಕಡೆಯವರು ತಮ್ಮ ಕರಡಿಗೆ ಎರಡಕ್ಷರ ಸೇರಿಸಿಕೊಂಡರು. ನಾನೂರು ವರ್ಷದ ಹಿಂದಿನ ಪಾಲುಪಟ್ಟಿ ಇವತ್ತಿಗೂ ಕಾರಿನ ಡಿಕ್ಕಿ ಕೆಳಗೆ ಕೂತಿದೆ ನೋಡಿ.

ಒಂದು ಗುಟ್ಟು: ಸ್ವಿಟ್ಜರ್ಲೆಂಡ್‌ನಲ್ಲಿ ಎಲ್ಲೇ ಹೋದರೂ ಎಐ ಪ್ಲೇಟ್ ಕಣ್ಣಿಗೆ ಬೀಳುತ್ತದೆ. ಅಷ್ಟು ಪುಟ್ಟ ಕ್ಯಾಂಟನ್‌ನ ಜನ ಅಷ್ಟೆಲ್ಲಾ ಓಡಾಡುತ್ತಾರಾ ಅಂತ ಅನ್ನಿಸಬಹುದು. ಅವೆಲ್ಲ ಹೆಚ್ಚಾಗಿ ಬಾಡಿಗೆ ಕಾರುಗಳು. ಅಲ್ಲಿ ನೋಂದಣಿ ಮಾಡಿಸುವುದು ಕಂಪನಿಗಳಿಗೆ ಅನುಕೂಲ.

ಈ ದೇಶದಲ್ಲಿ ನಂಬರ್ ಕಾರಿಗೆ ಸೇರಿದ್ದಲ್ಲ, ಮನುಷ್ಯನಿಗೆ ಸೇರಿದ್ದು. ಕಾರು ಮಾರಿದರೂ ನಂಬರ್ ನಿಮ್ಮ ಹತ್ತಿರವೇ ಇರುತ್ತದೆ. ಎರಡು ಕಾರಿಗೆ ಒಂದೇ ಜೊತೆ ಪ್ಲೇಟ್ ಇಟ್ಟುಕೊಂಡು, ಯಾವುದನ್ನು ರಸ್ತೆಗೆ ಇಳಿಸುತ್ತೀರೋ ಅದಕ್ಕೆ ಸಿಕ್ಕಿಸಿಕೊಳ್ಳಲೂಬಹುದು. ಹಾಗಾಗಿ ಸಣ್ಣ ಅಂಕಿ ಅಂದರೆ ಹಳೇ ಮನೆತನದ ಗುರುತಿನ ಹಾಗೆ. ತ್ಸೂಗ್ ಕ್ಯಾಂಟನ್‌ನ 10ನೇ ನಂಬರ್ 2018ರ ಹರಾಜಿನಲ್ಲಿ 2,33,000 ಫ್ರಾಂಕ್‌ಗೆ ಹೋಯಿತು. ನೆದರ್‌ಲೆಂಡ್ಸ್‌ನಲ್ಲಿ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಹುಟ್ಟಿದಾಗ ಬಂದ ನಂಬರ್ ಕಾರು ಸಾಯುವವರೆಗೂ ಅದಕ್ಕೇ ಅಂಟಿಕೊಂಡಿರುತ್ತದೆ. ಯಾರ ಕೈಗೆ ಹೋದರೂ ಬದಲಾಗುವುದಿಲ್ಲ. ಇದರಲ್ಲಿ ಯಾವುದು ಸರಿ ಅಂತ ದಾರಿಯುದ್ದಕ್ಕೂ ನಮ್ಮಿಬ್ಬರಲ್ಲಿ ವಾದ ನಡೆಯಿತು. ಅವಳು ಸ್ವಿಸ್ ಪಕ್ಷ. ನಾನು ಡಚ್ ಪಕ್ಷ. ಕಾರಿಗೂ ಒಂದು ಹೆಸರು ಬೇಡವಾ?

ಮಧ್ಯಾಹ್ನ ರೈನ್ ಸೇತುವೆ ದಾಟಿದೆವು. ಯಾರೂ ತಡೆಯಲಿಲ್ಲ. 1923ರ ಒಪ್ಪಂದದಿಂದ ಈ ಎರಡು ದೇಶಗಳ ನಡುವೆ ಸುಂಕದ ಗಡಿಯೇ ಇಲ್ಲ. ಲಿಕ್ಟೆನ್‌ಸ್ಟೈನ್‌ಗೆ ಬಂದಿದ್ದೇವೆ ಅಂತ ನನಗೆ ಹೇಳಿದ್ದು ಬೋರ್ಡ್ ಅಲ್ಲ, ಎದುರಿಗೆ ಬಂದ ಕಾರು. ಕಪ್ಪು ತಗಡು, ಅದರ ಮೇಲೆ ಬಿಳಿ ಅಕ್ಷರದಲ್ಲಿ 'ಎಫ್‌ಎಲ್', ಮಧ್ಯೆ ಪುಟ್ಟ ಲಾಂಛನ, ಆಮೇಲೆ ಅಂಕಿ. ಫ್ಯೂರ್ಸ್ಟೆನ್‌ಟೂಮ್ ಲಿಕ್ಟೆನ್‌ಸ್ಟೈನ್, ಅಂದರೆ ಲಿಕ್ಟೆನ್‌ಸ್ಟೈನ್ ಸಂಸ್ಥಾನ. ಸುಮಾರು 40,000 ಜನರ ದೇಶ. ಐದು ಅಂಕಿ ಇದ್ದರೆ ಸಾಕು, ಇಡೀ ದೇಶದ ಗಾಡಿಗಳು ಮುಗಿದವು. ಸುತ್ತ ಎಲ್ಲ ದೇಶಗಳೂ ಬಿಳಿ ಪ್ಲೇಟ್‌ಗೆ ಹೋದರೂ ಇವರು ಕಪ್ಪು ಬಿಟ್ಟುಕೊಡಲಿಲ್ಲ. ವಾಡುಟ್ಸ್‌ನ ಒಂದು ರಸ್ತೆಯಲ್ಲಿ ಸಾಲಾಗಿ ಎಂಟು ಕಪ್ಪು ಪ್ಲೇಟ್ ನಿಂತಿದ್ದವು. ಬೇರೆ ಕಡೆ ವರ್ಷಕ್ಕೊಮ್ಮೆ ಕಂಡರೆ ಹೆಚ್ಚು ಅನ್ನುವಂಥದ್ದು ಇಲ್ಲಿ ಮನೆಮನೆಗೂ ಇತ್ತು. ಎಂಟನ್ನೂ ನಿಧಾನವಾಗಿ ನಡೆದು ನೋಡಿದೆ.

ನಾಲ್ಕನೇ ದಿನ, ಮಂಗಳವಾರ: ಫೆಲ್ಡ್‌ಕಿರ್ಶ್‌ನಿಂದ ಇನ್ಸ್‌ಬ್ರುಕ್

ಬೆಳಿಗ್ಗೆ ಆಸ್ಟ್ರಿಯಾಕ್ಕೆ ದಾಟಿದೆವು. ಫೆಲ್ಡ್‌ಕಿರ್ಶ್ ಹತ್ತಿರ ಒಂದು ಹಳೇ ಕಾರು ನಮ್ಮ ಮುಂದೆ ಹೋಗುತ್ತಿತ್ತು. ಕಪ್ಪು ಪ್ಲೇಟ್, ಬಿಳಿ ಅಕ್ಷರ. "ಲಿಕ್ಟೆನ್‌ಸ್ಟೈನ್" ಅಂತ ಬರೆದುಕೊಂಡೆ. ಸಿಗ್ನಲ್‌ನಲ್ಲಿ ಹತ್ತಿರ ಹೋದಾಗ ನೋಡಿದರೆ ಎಫ್‌ಎಲ್ ಇಲ್ಲ. ಒಂದೇ 'ವಿ' ಅಕ್ಷರ, ಆಮೇಲೆ ಅಂಕಿ.

ಒಂದು ಕ್ಷಣ ಎದೆ ಧಸಕ್ ಅಂದಿತು. ಯಾಕಂದರೆ ವಿ ಅನ್ನುವುದು ವ್ಯಾಟಿಕನ್‌ನ ಅಂತರರಾಷ್ಟ್ರೀಯ ಗುರುತು. ಆದರೆ ವ್ಯಾಟಿಕನ್ ಕಾರಿನ ಪ್ಲೇಟ್ ಮೇಲೆ 'ಎಸ್‌ಸಿವಿ' ಅಥವಾ 'ಸಿವಿ' ಅಂತ ಇರುತ್ತದೆ. ಇದು ಅದಲ್ಲ. ಇದು ಫೋರಾರ್ಲ್‌ಬರ್ಗ್, ನಾವು ಇದ್ದ ರಾಜ್ಯವೇ. 1990ಕ್ಕೆ ಮುಂಚೆ ಆಸ್ಟ್ರಿಯಾದ ಪ್ಲೇಟ್‌ಗಳೂ ಕಪ್ಪಾಗಿದ್ದವು. ಆಮೇಲೆ ಬಿಳಿ ಬಂತು, ಮೇಲೆ ಕೆಳಗೆ ಕೆಂಪು ಗೆರೆ, ಮಧ್ಯೆ ರಾಜ್ಯದ ಗುರಾಣಿ. ಆದರೆ ಅದಕ್ಕೆ ಮೊದಲೇ ನೋಂದಣಿಯಾದ ಗಾಡಿ ಕಪ್ಪು ಪ್ಲೇಟ್‌ನಲ್ಲೇ ಓಡಬಹುದು. ಮೂವತ್ತು ವರ್ಷದ ಮೇಲೂ ಒಬ್ಬರು ಕಾರನ್ನೂ ಮಾರದೆ, ಪ್ಲೇಟನ್ನೂ ಬದಲಾಯಿಸದೆ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಲಿಕ್ಟೆನ್‌ಸ್ಟೈನ್ ಅಂತ ಬರೆದಿದ್ದನ್ನು ಹೊಡೆದು ಹಾಕಿ, ವಿಶೇಷ ಕಾಲಂನಲ್ಲಿ ಎರಡು ಗೆರೆ ಎಳೆದೆ.

ಒಂದೇ ಅಕ್ಷರ ಬೇರೆ ಬೇರೆ ಜಾಗದಲ್ಲಿ ಬೇರೆ ಬೇರೆ ಅರ್ಥ ಕೊಡುವುದು ಈ ದಾರಿಯಲ್ಲಿ ಮತ್ತೆ ಮತ್ತೆ ಎದುರಾಯಿತು. ಮೊಟ್ಟೆಯಾಕಾರದ ಸ್ಟಿಕ್ಕರ್‌ನಲ್ಲಿ 'ಎಸ್' ಇದ್ದರೆ ಸ್ವೀಡನ್. ಜರ್ಮನ್ ಪ್ಲೇಟ್ ಮೇಲಿದ್ದರೆ ಸ್ಟುಟ್‌ಗಾರ್ಟ್. ಆಸ್ಟ್ರಿಯಾದ ಪ್ಲೇಟ್ ಮೇಲಿದ್ದರೆ ಸಾಲ್ಜ್‌ಬರ್ಗ್. ಆರ್ಲ್‌ಬರ್ಗ್ ಕಡೆ ಹತ್ತುವಾಗ ಅರ್ಧ ಗಂಟೆಯೊಳಗೆ ಮೂರೂ ಸಿಕ್ಕವು. ಹಾಗೆಯೇ 'ಬಿ' ಅಂದರೆ ಬೆಲ್ಜಿಯಂ, ಬರ್ಲಿನ್, ಬ್ರೆಗೆನ್ಸ್. ನೋಡಿದ ತಕ್ಷಣ ತೀರ್ಮಾನ ಮಾಡಬಾರದು. ಮೊದಲು ಪಟ್ಟಿ ನೋಡಬೇಕು, ಆಮೇಲೆ ಬಣ್ಣ, ಕೊನೆಗೆ ಅಕ್ಷರ.

ಸಂಜೆಗೆ ಇನ್ಸ್‌ಬ್ರುಕ್ ಮುಟ್ಟಿದೆವು. ಮಳೆ. ಏನೂ ನೋಡಲಾಗಲಿಲ್ಲ.

ಐದನೇ ದಿನ, ಬುಧವಾರ: ಬ್ರೆನರ್ ಹಳೇ ರಸ್ತೆ

ಬ್ರೆನರ್ ಕಣಿವೆ ಸುಮಾರು 1,370 ಮೀಟರ್ ಎತ್ತರ, ಉತ್ತರ ಯುರೋಪಿನವರು ಇಟಲಿಗೆ ಇಳಿಯುವ ದೊಡ್ಡ ಬಾಗಿಲು. ಹೆದ್ದಾರಿಯಲ್ಲಿ ಗಾಡಿಗಳು ಎಷ್ಟು ಜೋರಾಗಿ ಹೋಗುತ್ತವೆ ಅಂದರೆ ಪ್ಲೇಟ್ ಓದೋಕಾಗುವುದಿಲ್ಲ. ನಮಗೆ ಬೇಕಿದ್ದದ್ದು ಕೆಳಗಿನ ಹಳೇ ರಸ್ತೆ. ಅದು ಮಾಟ್ರೈ, ಸ್ಟೈನಾಖ್ ಅನ್ನುವ ಊರುಗಳ ಒಳಗೇ ಹೋಗುತ್ತದೆ. ಬೇಸಿಗೆಯ ವಾರಾಂತ್ಯದಲ್ಲಿ ದೂರ ಹೋಗುವವರು ಹೆದ್ದಾರಿ ಬಿಟ್ಟು ಊರೊಳಗೆ ನುಗ್ಗಬಾರದು ಅಂತ ಟಿರೋಲ್ ರಾಜ್ಯ 2019ರಿಂದ ನಿಷೇಧ ತಂದಿದೆ. ಊರಿನವರಿಗೆ ಬೇಕಾದದ್ದೇ ಅದು, ಇಲ್ಲವಾದರೆ ಅವರು ಮನೆಯಿಂದ ಹೊರಗೆ ಕಾಲಿಡೋಕೂ ಆಗುವುದಿಲ್ಲ. ಅದಕ್ಕೇ ನಾವು ಬುಧವಾರ ಆರಿಸಿಕೊಂಡಿದ್ದು.

ಮಾಟ್ರೈನಲ್ಲಿ ರಸ್ತೆ ಪಕ್ಕದ ಬೆಂಚಿನ ಮೇಲೆ ಬೆಳಿಗ್ಗೆ ಒಂಬತ್ತರಿಂದ ಕೂತೆವು. ಹಳದಿ ಪ್ಲೇಟ್‌ಗಳು ಬಂದವು. ಹಳದಿ ಅಂದ ತಕ್ಷಣ ನೆದರ್‌ಲೆಂಡ್ಸ್ ಅನ್ನಬಾರದು, ಲಕ್ಸೆಂಬರ್ಗ್‌ನದ್ದೂ ಹಳದಿಯೇ. ನೀಲಿ ಪಟ್ಟಿಯಲ್ಲಿ 'ಎನ್‌ಎಲ್' ಇದೆಯಾ, ಬರೀ 'ಎಲ್' ಇದೆಯಾ ನೋಡಬೇಕು. ಕೆಂಪು ಅಕ್ಷರ ಇದ್ದರೆ ಬೆಲ್ಜಿಯಂ. ಒಂದು ಬ್ರಿಟಿಷ್ ಕಾರು ಬಂತು, ಮುಂದೆ ಬಿಳಿ ಪ್ಲೇಟ್, ಹಿಂದೆ ಹಳದಿ. ಹಿಂದೆ ಹಳೆಯ 'ಜಿಬಿ' ಸ್ಟಿಕ್ಕರ್ ಇನ್ನೂ ಇತ್ತು. 2021ರ ಸೆಪ್ಟೆಂಬರ್ 28ರಿಂದ ಅದು 'ಯುಕೆ' ಆಗಿದೆ. ಆ ಮನೆಯವರು ಹೊಸದನ್ನು ಪಕ್ಕದಲ್ಲೇ ಅಂಟಿಸಿದ್ದರು, ಹಳೆಯದನ್ನು ಕೀಳೋಕೆ ಮನಸ್ಸು ಬಂದಿಲ್ಲ ಅನ್ನಿಸುತ್ತದೆ.

ಹನ್ನೊಂದರ ಹೊತ್ತಿಗೆ ಒಂದು ಬಿಳಿ ಕಾರು ನಿಧಾನವಾಗಿ ಬಂತು. ಬಿಳಿ ಪ್ಲೇಟ್, ನೀಲಿ ಅಕ್ಷರ, ಎಡಗಡೆ ಮೂರು ಗೋಪುರದ ಲಾಂಛನ. ಸ್ಯಾನ್ ಮರಿನೋ! ಇಟಲಿಯ ಹೊಟ್ಟೆಯೊಳಗಿನ ಪುಟ್ಟ ಗಣರಾಜ್ಯ. ನಾನು ಎದ್ದೇ ನಿಂತಿದ್ದೆ. ಓಡಿಸುತ್ತಿದ್ದವರು ಕಿಟಕಿಯಿಂದ ಕೈ ಬೀಸಿದರು. ಅವರಿಗೆ ಇದು ರೂಢಿ ಇರಬೇಕು.

ಮಧ್ಯಾಹ್ನ ದೊಡ್ಡ ಕಪ್ಪು ಜೀಪು, ಸೌದಿ ಅರೇಬಿಯಾದ ಪ್ಲೇಟ್. ಬೇಸಿಗೆಯಲ್ಲಿ ಕೊಲ್ಲಿ ದೇಶಗಳ ಜನ ಸ್ವಂತ ಕಾರನ್ನೇ ಹಡಗಿನಲ್ಲೋ ವಿಮಾನದಲ್ಲೋ ತರಿಸಿಕೊಂಡು ಆಲ್ಪ್ಸ್ ಸುತ್ತುತ್ತಾರೆ. ಯುರೋಪಿಯನ್ ಒಕ್ಕೂಟದ ಹೊರಗಿನ ಕಾರನ್ನು ಇಲ್ಲಿ ಸುಂಕ ಕಟ್ಟದೆ ಆರು ತಿಂಗಳು ಇಟ್ಟುಕೊಳ್ಳಬಹುದು. ಆ ಪ್ಲೇಟ್ ಜೀಪಿನವರು ನಿಲ್ಲಿಸಿ ಇಳಿದಾಗ ಚೆನ್ನಾಗಿ ನೋಡಲು ಸಿಕ್ಕಿತು. ಮೇಲಿನ ಸಾಲಿನಲ್ಲಿ ಅರೇಬಿಕ್ ಅಂಕಿ, ಅರೇಬಿಕ್ ಅಕ್ಷರ. ಕೆಳಗೆ ಅದನ್ನೇ ಲ್ಯಾಟಿನ್‌ನಲ್ಲಿ ಬರೆದಿದ್ದರು. ಬಲಕ್ಕೆ ಎರಡು ಖಡ್ಗ, ಒಂದು ಖರ್ಜೂರದ ಮರ, ಕೆಳಗೆ 'ಕೆಎಸ್‌ಎ'. ಅರೇಬಿಕ್‌ನಲ್ಲಿ 28 ಅಕ್ಷರ ಇದ್ದರೂ ಈ ಪ್ಲೇಟ್‌ಗಳಲ್ಲಿ ಬಳಸುವುದು 17 ಮಾತ್ರ. ಪ್ರತಿಯೊಂದಕ್ಕೂ ಲ್ಯಾಟಿನ್‌ನಲ್ಲಿ ಒಂದೊಂದು ಜೋಡಿ ಗೊತ್ತು ಮಾಡಿದ್ದಾರೆ. ಓದಲು ಬಾರದ ಊರಿನ ಪೊಲೀಸರೂ ಓದಲಿ ಅಂತ.

ಇದೇ ಯೋಚನೆ ಬೇರೆ ಕಡೆಯೂ ಇದೆ. ಗ್ರೀಸ್, ಬಲ್ಗೇರಿಯಾ, ಉಕ್ರೇನ್ ಮೂರಕ್ಕೂ ಅವರದ್ದೇ ಲಿಪಿ. ಆದರೂ ಅವರ ಪ್ಲೇಟ್ ನಾವು ಓದಬಹುದು. ಯಾಕಂದರೆ ಅವರ ಲಿಪಿಯಲ್ಲೂ ಲ್ಯಾಟಿನ್‌ನಲ್ಲೂ ಒಂದೇ ಥರ ಕಾಣುವ ಅಕ್ಷರಗಳನ್ನು ಮಾತ್ರ ಆರಿಸಿಕೊಂಡಿದ್ದಾರೆ. ಉಕ್ರೇನ್‌ನವರಿಗೆ ಹಾಗೆ ಸಿಕ್ಕಿದ್ದು 12 ಅಕ್ಷರ. ನಾಲ್ಕು ಗಂಟೆಗೆ ಒಂದು ಸಣ್ಣ ಕಾರು ಬಂದು ನಮ್ಮ ಬೆಂಚಿನ ಹತ್ತಿರವೇ ನಿಂತಿತು. ನೀಲಿ ಪಟ್ಟಿ, ಪುಟ್ಟ ನೀಲಿ-ಹಳದಿ ಬಾವುಟ, 'ಯುಎ'. ಪಕ್ಕದಲ್ಲಿ 'ಕೆಎ'.

ನನ್ನ ಆಸೆ ಈಡೇರಿತ್ತು. ಆದರೆ ಖುಷಿಪಡಲಾಗಲಿಲ್ಲ. ಹಿಂದಿನ ಸೀಟಿನ ತುಂಬಾ ಚೀಲಗಳು, ಕಿಟಕಿಗೆ ಒತ್ತಿಕೊಂಡ ಹಾಸಿಗೆ, ಅದರ ಮಧ್ಯೆ ನಿದ್ದೆ ಹೋದ ಒಂದು ಮಗು. ಇದು ರಜೆಗೆ ಬಂದ ಗಾಡಿಯಲ್ಲ. ತಾಯಿ ಇಳಿದು ನೀರಿನ ಬಾಟಲಿ ತುಂಬಿಸಿಕೊಂಡು ಮತ್ತೆ ಹೊರಟರು. ನೋಟ್‌ಬುಕ್‌ನಲ್ಲಿ ಉಕ್ರೇನ್, ಕೀವ್ ಅಂತ ಬರೆದೆ. ವಿಶೇಷ ಕಾಲಂನಲ್ಲಿ ಏನೂ ಬರೆಯಲಿಲ್ಲ. ನಾವಿಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ.

ಆರನೇ ದಿನ, ಗುರುವಾರ: ಫರ್ನ್ ಕಣಿವೆ, ಲಿಂಡಾವ್, ಫೆರಿ

ಫರ್ನ್ ಕಣಿವೆ ದಾಟಿ ಜರ್ಮನಿಗೆ ವಾಪಸ್. ಫ್ಯುಸನ್ ಊರಿನಲ್ಲಿ 'ಎಫ್‌ಯುಎಸ್' ಪ್ಲೇಟ್‌ಗಳು, ಇಲ್ಲೂ ಯು ಮೇಲೆ ಎರಡು ಚುಕ್ಕಿ. ಜಿಲ್ಲೆಗಳು ವಿಲೀನವಾದಾಗ ಹೋಗಿದ್ದ ಹಳೇ ಅಕ್ಷರ, 2012ರಲ್ಲಿ ನಿಯಮ ಸಡಿಲವಾದ ಮೇಲೆ ತಿರುಗಿ ಬಂದಿದ್ದು. ಜಿಲ್ಲೆಯ ಅಕ್ಷರ ಬೇಕಾ, ತಮ್ಮ ಊರಿನದ್ದು ಬೇಕಾ ಅಂತ ಜನರೇ ಆರಿಸಿಕೊಳ್ಳಬಹುದು. ಲಿಂಡಾವ್‌ಗೆ ಬಂದಾಗ ಎಲ್ಲೆಲ್ಲೂ 'ಎಲ್‌ಐ'. ಅದನ್ನು ನೋಡಿ ಲಿಕ್ಟೆನ್‌ಸ್ಟೈನ್ ಅಂದುಕೊಳ್ಳುವವರು ಇದ್ದಾರೆ, ಅದು ಲಿಂಡಾವ್ ಅಷ್ಟೇ.

ಸಂಜೆ ಮೇರ್ಸ್‌ಬರ್ಗ್‌ನಲ್ಲಿ ಕಾನ್‌ಸ್ಟಂಜ್‌ಗೆ ಹೋಗುವ ಫೆರಿ ಹತ್ತಿದೆವು. 1928ರಿಂದ ಕಾರುಗಳನ್ನು ದಾಟಿಸುವ ಫೆರಿ ಇದು, ಹಗಲು ರಾತ್ರಿ ಓಡುತ್ತದೆ. ದಾಟಲು ಕಾಲು ಗಂಟೆ. ಕಾರುಗಳನ್ನು ಬಂಪರ್‌ಗೆ ಬಂಪರ್ ತಾಗುವ ಹಾಗೆ ನಿಲ್ಲಿಸುತ್ತಾರೆ. ನನ್ನಂಥವರಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ನಮ್ಮ ಮುಂದೆ ಒಂದು ಬೂದು ಬಣ್ಣದ ವ್ಯಾನ್. ನೀಲಿ ಪಟ್ಟಿ ಇದೆ, ನಕ್ಷತ್ರ ಇಲ್ಲ. ಕೆಳಗೆ 'ಬಿಐಎಚ್'. ಬೋಸ್ನಿಯಾ. ಒಂದು ಅಕ್ಷರ, ಎರಡು ಅಂಕಿ, ಗೀಟು, ಮತ್ತೊಂದು ಅಕ್ಷರ, ಗೀಟು, ಮೂರು ಅಂಕಿ. ಆರು ದಿನ ನಾನು ನೋಡಿದ ಪ್ಲೇಟ್‌ಗಳಲ್ಲಿ ಇದರಷ್ಟು ಸಾದಾ ಪ್ಲೇಟ್ ಇನ್ನೊಂದಿಲ್ಲ. ಗುರಾಣಿ ಇಲ್ಲ, ಕರಡಿ ಇಲ್ಲ, ಬಣ್ಣ ಇಲ್ಲ.

"ಯಾವ ಊರು ಮಾಮ?" ಅಂದಳು.

"ಗೊತ್ತಾಗಲ್ಲ ಪುಟ್ಟಿ. ಗೊತ್ತಾಗಬಾರದು ಅಂತಲೇ ಹೀಗೆ ಮಾಡಿದ್ದು."

ಬೋಸ್ನಿಯಾ ಮೊದಲು ಯುಗೊಸ್ಲಾವಿಯಾದ ಭಾಗವಾಗಿತ್ತು, ಆಗ ಅಲ್ಲಿನ ಪ್ಲೇಟ್‌ಗಳಲ್ಲೂ ಊರಿನ ಎರಡಕ್ಷರ ಇತ್ತು. 1992ರಿಂದ 1995ರವರೆಗೆ ಯುದ್ಧ ನಡೆಯಿತು. ಯುದ್ಧದ ಸಮಯದಲ್ಲಿ ಒಂದೊಂದು ಕಡೆಯವರೂ ತಮ್ಮದೇ ಪ್ಲೇಟ್ ಮಾಡಿಕೊಂಡರು. ಯುದ್ಧ ನಿಂತಿತು, ಆದರೆ ರಸ್ತೆ ತೆರೆಯಲಿಲ್ಲ. ಪ್ಲೇಟ್ ನೋಡಿದರೆ ಸಾಕು, ಈ ಗಾಡಿಯವನು ಯಾವ ಕಡೆಯವನು ಅಂತ ಗೊತ್ತಾಗುತ್ತಿತ್ತು. ಆಚೆ ಕಡೆಯ ಊರಿಗೆ ಕಾರು ತೆಗೆದುಕೊಂಡು ಹೋಗೋಕೆ ಜನ ಹೆದರುತ್ತಿದ್ದರು. 1998ರಲ್ಲಿ ಇಡೀ ದೇಶಕ್ಕೆ ಒಂದೇ ಥರದ ಪ್ಲೇಟ್ ಬಂತು. ಊರಿನ ಗುರುತು ಇಲ್ಲ. ಅಕ್ಷರ ಏಳೇ ಏಳು: ಎ, ಇ, ಜೆ, ಕೆ, ಎಂ, ಓ, ಟಿ. ಆ ದೇಶದಲ್ಲಿ ಬಳಸುವ ಎರಡು ಲಿಪಿ, ಲ್ಯಾಟಿನ್ ಮತ್ತು ಸಿರಿಲಿಕ್, ಎರಡರಲ್ಲೂ ಒಂದೇ ಥರ ಕಾಣುವ ಅಕ್ಷರಗಳು. ಯಾರ ಲಿಪಿ ಅಂತಲೂ ಹೇಳೋಕಾಗಬಾರದು. ಜನ ಮತ್ತೆ ಒಬ್ಬರ ಊರಿಗೆ ಒಬ್ಬರು ಕಾರಿನಲ್ಲಿ ಹೋಗೋಕೆ ಶುರು ಮಾಡಿದರು.

ವ್ಯಾನ್‌ನಿಂದ ಒಬ್ಬರು ಇಳಿದರು. ಐವತ್ತು ದಾಟಿದ ವಯಸ್ಸು. ಕಂಬಿಗೆ ಒರಗಿ ನೀರು ನೋಡುತ್ತಾ ನಿಂತರು. ನಾನು ಹೋಗಿ ಪಕ್ಕದಲ್ಲಿ ನಿಂತೆ. ತಲೆ ಆಡಿಸಿದರು, ನಾನೂ ಆಡಿಸಿದೆ. ಕಾನ್‌ಸ್ಟಂಜ್‌ನಲ್ಲಿ ತಮ್ಮ ಇದ್ದಾನೆ, ನೋಡೋಕೆ ಬಂದೆ ಅಂತ ಅವರು ಹರಕು ಇಂಗ್ಲಿಷ್‌ನಲ್ಲಿ ಹೇಳಿದರು. ಎಷ್ಟು ಗಂಟೆ ದಾರಿ ಅಂತ ಕೇಳಿದೆ. ಬೆಳಗಿನ ಜಾವ ಬಿಟ್ಟೆ ಅಂದರು. ಇನ್ನೊಂದು ಪ್ರಶ್ನೆ ನನ್ನ ನಾಲಿಗೆ ತುದಿಯಲ್ಲೇ ಇತ್ತು. ಆರು ದಿನ ಎಲ್ಲರನ್ನೂ ಕೇಳುತ್ತಾ ಬಂದಿದ್ದ ಅದೇ ಪ್ರಶ್ನೆ. ಕೇಳಲಿಲ್ಲ.

ದಡ ಬಂತು. ಅವರು ಕೈ ಕುಲುಕಿ ವ್ಯಾನ್ ಹತ್ತಿದರು. ಫೆರಿಯ ಬಾಗಿಲು ಕೆಳಗೆ ಇಳಿಯಿತು, ಸಾಲು ಮುಂದೆ ಸರಿಯಿತು. ನಾನು ನೋಟ್‌ಬುಕ್ ತೆಗೆದು ದೇಶದ ಕಾಲಂನಲ್ಲಿ ಬೋಸ್ನಿಯಾ ಅಂತ ಬರೆದೆ. ವಿಶೇಷ ಕಾಲಂನಲ್ಲಿ ಏಳು ಅಕ್ಷರ ಬರೆದೆ. ಊರಿನ ಕಾಲಂ ಖಾಲಿ ಬಿಟ್ಟೆ.